ಅತ್ತೆ, ಮಾವ, ಇಬ್ಬರು ಮಕ್ಕಳ ಜೊತೆ ಯೊಸೆಮಿಟಿಯಲ್ಲಿ ಟೆಂಟ್: ಕರಡಿಯ ವಿಷಯದಲ್ಲಿ ಏನೇನು ನೋಡಿಕೊಳ್ಳಬೇಕು?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದೇವೆ. ಜುಲೈನಲ್ಲಿ ಮೂರು ರಾತ್ರಿಗೆ ಯೊಸೆಮಿಟಿ ಕಣಿವೆಯ ಅಪ್ಪರ್ ಪೈನ್ಸ್ ಕ್ಯಾಂಪ್‌ಗ್ರೌಂಡಿನಲ್ಲಿ ಜಾಗ ಸಿಕ್ಕಿದೆ. ನಾವಿಬ್ಬರು, ನಾಲ್ಕು ಮತ್ತು ಒಂಬತ್ತು ವರ್ಷದ ಮಕ್ಕಳು, ಮೈಸೂರಿನಿಂದ ಬಂದಿರುವ ಅತ್ತೆ, ಮಾವ. ಅತ್ತೆಯವರು ಇನ್ಸುಲಿನ್ ತೆಗೆದುಕೊಳ್ಳುತ್ತಾರೆ, ಕೆಲವೊಮ್ಮೆ ರಾತ್ರಿ ಏನಾದರೂ ತಿನ್ನಬೇಕಾಗುತ್ತದೆ. ಅಡುಗೆ ನಮ್ಮದೇ. ಟೆಂಟಿನಲ್ಲಿ ಮಲಗುವುದು ಸುರಕ್ಷಿತವೇ? ಬೇರ್ ಸ್ಪ್ರೇ (ಎರಗಿ ಬರುವ ಕರಡಿಯತ್ತ ಹೊಡೆಯುವ ಖಾರದ ಸ್ಪ್ರೇ) ಕೊಳ್ಳಬೇಕೆ? ಮುಂದಿನ ವರ್ಷ ಅಮೆರಿಕದ ಇನ್ನೊಂದು ರಾಷ್ಟ್ರೀಯ ಉದ್ಯಾನವಾದ ಯೆಲ್ಲೋಸ್ಟೋನ್‌ಗೂ ಹೋಗುವ ಆಸೆಯಿದೆ, ಅಲ್ಲಿಗೂ ಇವೇ ನಿಯಮಗಳೇ?

ಉತ್ತರ: ಬೇರ್ ಸ್ಪ್ರೇ ಕೊಳ್ಳಬೇಡಿ. ಯೊಸೆಮಿಟಿ ಉದ್ಯಾನದೊಳಗೆ ಅದನ್ನು ಇಟ್ಟುಕೊಳ್ಳುವುದೇ ನಿಷಿದ್ಧ, ಅಲ್ಲಿ ಅದು ಆಯುಧದ ಲೆಕ್ಕ. ಪಕ್ಕದ ಸೆಕೋಯಾ, ಕಿಂಗ್ಸ್ ಕ್ಯಾನ್ಯನ್‌ಗಳಲ್ಲೂ ಹಾಗೇ. ಟೆಂಟಿನಲ್ಲಿ ಮಲಗುವುದಂತೂ ಸುರಕ್ಷಿತ. ಯೊಸೆಮಿಟಿಯಲ್ಲಿ ಕರಡಿಯಿಂದ ಸತ್ತವರು ಇದುವರೆಗೆ ಯಾರೂ ಇಲ್ಲ. ಆದರೆ ಆ ಸುರಕ್ಷತೆ ತಾನಾಗಿ ಬಂದದ್ದಲ್ಲ, ಊಟದ ಸಾಮಾನನ್ನು ಹೇಗೆ ಇಡಬೇಕೆಂಬ ಕಟ್ಟುನಿಟ್ಟಿನಿಂದ ಬಂದದ್ದು. ಮೂರು ಹೊತ್ತೂ ನಮ್ಮ ಅಡುಗೆ ಮಾಡುವ ಆರು ಜನರ ಸಂಸಾರಕ್ಕೆ ಈ ಕೆಲಸ ಉಳಿದವರಿಗಿಂತ ಸ್ವಲ್ಪ ಹೆಚ್ಚೇ. ಆದ್ದರಿಂದ ಈ ಉತ್ತರದ ಬಹುಪಾಲು ಅಡುಗೆ, ಡಬ್ಬಿ, ಕಾರಿನ ಬಗ್ಗೆಯೇ ಇದೆ.

ಮೊದಲು ಮಾವನವರಿಗೆ ಒಂದು ಮಾತು. ಕರಡಿ ಎಂದೊಡನೆ ಅವರ ಮನಸ್ಸಿಗೆ ಬರುವುದು ನಮ್ಮ ದರೋಜಿಯ ಕರಡಿ. ಗೆದ್ದಲು, ಜೇನು, ಹಣ್ಣು ತಿಂದು ಬದುಕುವ ಆ ಕರಡಿ ಪೊದೆಯ ಮರೆಯಲ್ಲಿ ಹಠಾತ್ತನೆ ಎದುರಾದರೆ ಗಾಬರಿಯಿಂದ ಮೈಮೇಲೆ ಎರಗಿ ಮುಖ, ತಲೆಯನ್ನು ಹರಿದುಬಿಡುತ್ತದೆ. ಯೊಸೆಮಿಟಿಯದು ಬೇರೆ ಜಾತಿ, ಅಮೆರಿಕದ ಕಪ್ಪು ಕರಡಿ. ಹೆಸರಿಗೆ ಕಪ್ಪು, ಅಲ್ಲಿನ ಹೆಚ್ಚಿನವು ಕಂದು ಬಣ್ಣದವು. ಕಂದು ಬಣ್ಣ ನೋಡಿ ಗ್ರಿಜ್ಲಿ (ಇನ್ನೂ ದೊಡ್ಡ, ಹೆಚ್ಚು ಅಪಾಯಕಾರಿಯಾದ ಕಂದು ಕರಡಿ) ಎಂದು ಹೆದರುವುದು ಬೇಡ. ಕ್ಯಾಲಿಫೋರ್ನಿಯಾದ ಬಾವುಟದ ಮೇಲೆ ಗ್ರಿಜ್ಲಿ ಇದ್ದರೂ ಆ ರಾಜ್ಯದ ಕಾಡಿನಿಂದ ಅದು 1920ರ ದಶಕದಲ್ಲೇ ಅಳಿದುಹೋಯಿತು. ಉದ್ಯಾನದಲ್ಲಿ ಈಗಿರುವ 300ರಿಂದ 500 ಕರಡಿಗಳೆಲ್ಲ ಕಪ್ಪು ಕರಡಿಗಳೇ. ಸಾಮಾನ್ಯವಾಗಿ ಅವು ಮನುಷ್ಯರಿಂದ ದೂರ ಸರಿಯುತ್ತವೆ. ಹತ್ತಿರ ಬಂದರೆ ಊಟಕ್ಕಾಗಿಯೇ ಬಂದಿವೆ ಎಂದು ತಿಳಿಯಬಹುದು.

ಒಮ್ಮೆ ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಅದನ್ನು ಮರೆಯುವುದಿಲ್ಲ. ಕಾಡಿನಲ್ಲಿ ದಿನವಿಡೀ ಹುಲ್ಲು, ಹಣ್ಣು, ಇರುವೆ ಹುಡುಕಿದರೂ ಸಿಗದಷ್ಟು ಕೊಬ್ಬು ಸಕ್ಕರೆ ಊಟ ತಣ್ಣಗಿಡುವ ಒಂದು ಐಸ್ ಪೆಟ್ಟಿಗೆಯಲ್ಲಿ (ಕೂಲರ್) ಹತ್ತು ನಿಮಿಷಕ್ಕೆ ಸಿಗುತ್ತದೆ. ತಾಯಿ ಮರಿಗಳಿಗೂ ಅದನ್ನೇ ಕಲಿಸುತ್ತದೆ. 1998ರಲ್ಲಿ ಯೊಸೆಮಿಟಿಯಲ್ಲಿ ಒಂದೇ ವರ್ಷ 1,500ಕ್ಕೂ ಹೆಚ್ಚು ಪ್ರಕರಣಗಳಾಗಿದ್ದವು, ಬಹುಪಾಲು ಕಾರು ಒಡೆದು ಊಟ ಕದ್ದವು. ಲಾಕರುಗಳು, ದಂಡ, ರಾತ್ರಿ ಗಸ್ತು ಬಂದ ಮೇಲೆ ಸಂಖ್ಯೆ ತೀರಾ ಇಳಿದಿದೆ. ಇಂಥ ಕರಡಿಯನ್ನು ದೂರ ಸಾಗಿಸಿದರೂ ಅದು ಮರಳಿ ಬರುತ್ತದೆ, ಇಲ್ಲವೇ ಹೊಸ ಜಾಗದಲ್ಲಿ ಅದೇ ಕೆಲಸ ಶುರುಮಾಡುತ್ತದೆ. ಧೈರ್ಯ ಬೆಳೆದು ಅಪಾಯಕಾರಿಯಾದರೆ ಕೊನೆಗೆ ಅದನ್ನು ಕೊಲ್ಲುತ್ತಾರೆ. ಮೇಜಿನ ಮೇಲೆ ಬಿಟ್ಟ ಒಂದು ತುಪ್ಪದ ಡಬ್ಬಿಯ ಬೆಲೆಯನ್ನು ಆ ಪ್ರಾಣಿ ಹೀಗೆ ತೆರುತ್ತದೆ. ಅದಕ್ಕಾಗಿಯೇ ಇಷ್ಟು ಕಟ್ಟುನಿಟ್ಟು: ತಪ್ಪಿದವರಿಗೆ 5,000 ಡಾಲರ್‌ವರೆಗೆ ದಂಡ, ಸಾಮಾನು ಅಥವಾ ಕಾರನ್ನೇ ವಶಪಡಿಸಿಕೊಳ್ಳುವ ಅಧಿಕಾರ ಎರಡೂ ಇವೆ.

ಈಗ ಲಾಕರ್. ಪ್ರತಿ ಟೆಂಟ್ ಜಾಗಕ್ಕೂ ಒಂದು ಕಬ್ಬಿಣದ ಪೆಟ್ಟಿಗೆ ಇರುತ್ತದೆ. ಅಳತೆ ಎಲ್ಲ ಕಡೆ ಒಂದೇ ಅಲ್ಲ. ಚಿಕ್ಕದು ಸುಮಾರು 33 ಇಂಚು ಆಳ, 45 ಇಂಚು ಅಗಲ, 18 ಇಂಚು ಎತ್ತರ. ಇದನ್ನೇ ಆಧಾರವಾಗಿಟ್ಟುಕೊಂಡು ಸಾಮಾನು ಕಟ್ಟಿದರೆ ಎಲ್ಲಿ ಹೋದರೂ ಹಿಡಿಸುತ್ತದೆ. ಹೆಚ್ಚಿನವರು ಎಡವುವುದು ಕೂಲರಿನ ಎತ್ತರದಲ್ಲಿ. ಎತ್ತರದ, ಚಕ್ರವಿರುವ ದೊಡ್ಡ ಕೂಲರ್ ಒಳಗೆ ಹೋಗುವುದಿಲ್ಲ. ಅದನ್ನು ಕತ್ತಲಾದ ಮೇಲೆ ಕಂಡುಕೊಂಡವರು ‘ಒಂದು ರಾತ್ರಿ ತಾನೇ’ ಎಂದು ಕಾರಿನಲ್ಲಿಟ್ಟು ಕಂಬಳಿ ಮುಚ್ಚುತ್ತಾರೆ. 16 ಇಂಚಿಗಿಂತ ಕಡಿಮೆ ಎತ್ತರದ ಎರಡು ಚಿಕ್ಕ ಕೂಲರ್ ತನ್ನಿ, ಒಂದು ಹಾಲು, ಮೊಸರು, ತರಕಾರಿಗೆ, ಇನ್ನೊಂದು ಕುಡಿಯುವ ನೀರು, ಹಣ್ಣಿಗೆ. ಹೊರಡುವ ಹಿಂದಿನ ದಿನ ಮನೆಯ ನೆಲದ ಮೇಲೆ 33x45 ಇಂಚಿನ ಚೌಕ ಟೇಪಿನಲ್ಲಿ ಗುರುತಿಸಿ, ಲಾಕರಿಗೆ ಹೋಗಬೇಕಾದ್ದನ್ನೆಲ್ಲ ಅದರೊಳಗೆ 18 ಇಂಚು ಮೀರದಂತೆ ಜೋಡಿಸಿ ನೋಡಿ. ಹಿಡಿಸದಿದ್ದರೆ ಸಾಮಾನು ಕಡಿಮೆ ಮಾಡಲು ಮನೆಯೇ ಸರಿಯಾದ ಜಾಗ.

‘ಲಾಕರಿಗೆ ಹೋಗಬೇಕಾದ್ದೆಲ್ಲ’ ಎಂದರೆ ತಿನ್ನುವುದಷ್ಟೇ ಎಂದುಕೊಳ್ಳಬೇಡಿ. ವಾಸನೆ ಇರುವುದೆಲ್ಲವೂ ಸೇರುತ್ತದೆ: ಟೂತ್‌ಪೇಸ್ಟ್, ಸೋಪು, ಶಾಂಪೂ, ಸನ್‌ಸ್ಕ್ರೀನ್, ತುಟಿಗೆ ಹಚ್ಚುವ ಬಾಮ್, ಮಗುವಿನ ವೈಪ್ಸ್, ಡಯಾಪರ್, ಔಷಧಿ, ಅಮೃತಾಂಜನ, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ, ಊದುಬತ್ತಿ. ತೆರೆಯದ ಚಿಪ್ಸ್ ಪೊಟ್ಟಣ, ಸೀಲ್ ಒಡೆಯದ ಡಬ್ಬಿ, ಖಾಲಿ ಕೂಲರ್, ಕಸದ ಚೀಲ, ತೊಳೆಯದ ಪಾತ್ರೆ, ಸ್ಟವ್ ಕೂಡ. ಕೂಲರನ್ನು ಕರಡಿ ಕಣ್ಣಿನಿಂದಲೇ ಗುರುತಿಸುತ್ತದೆ, ಖಾಲಿ ಎಂದು ಅದಕ್ಕೆ ಗೊತ್ತಾಗುವುದು ಕಾರಿನ ಗಾಜು ಒಡೆದ ಮೇಲೆ. ಚಕ್ಕುಲಿ, ನಿಪ್ಪಟ್ಟು ತುಂಬಿದ ಸ್ಟೀಲ್ ಡಬ್ಬಿಯ ಮುಚ್ಚಳ ಎಷ್ಟು ಬಿಗಿಯಾಗಿದ್ದರೂ ವಾಸನೆ ಹೊರಗೆ ಬರುತ್ತದೆ. ಎರಡು ಮೂರು ಪದರ ಜಿಪ್ ಚೀಲಗಳಲ್ಲಿ ಕಟ್ಟಿದರೂ ಅಷ್ಟೇ.

ಲಾಕರ್ ಹಗಲಲ್ಲೂ ಮುಚ್ಚಿಯೇ ಇರಬೇಕು, ಚಿಲಕ ಹಾಕಿಯೇ ಇರಬೇಕು, ನೀವು ಅಲ್ಲೇ ಕೂತಿದ್ದರೂ. ಬಾಗಿಲು ಹಾಕಿದ ಮೇಲೆ ಒಮ್ಮೆ ಎಳೆದು ನೋಡಿ. ಹೊರಗಿರುವ ಊಟ ಕೈಗೆಟುಕುವ ದೂರದಲ್ಲಿ, ನಿಮ್ಮ ಕಣ್ಣೆದುರೇ ಇರಬೇಕು. ಹಗಲು ಕಳವಾಗುವುದು ಹೆಚ್ಚಾಗಿ ಎಲ್ಲರೂ ‘ಇನ್ನೊಬ್ಬರು ನೋಡಿಕೊಳ್ಳುತ್ತಿದ್ದಾರೆ’ ಎಂದುಕೊಂಡ ಐದು ನಿಮಿಷದಲ್ಲಿ: ಅಮ್ಮ ಮಗುವನ್ನು ಶೌಚಾಲಯಕ್ಕೆ ಕರೆದೊಯ್ದಿರುತ್ತಾಳೆ, ಅಪ್ಪ ಟೆಂಟಿನ ಗೂಟ ಹೊಡೆಯುತ್ತಿರುತ್ತಾನೆ, ಮೇಜಿನ ಮೇಲೆ ಬ್ರೆಡ್ಡು, ಜಾಮು. ಪ್ರತಿ ಹೊತ್ತಿಗೂ ಒಬ್ಬರನ್ನು ಹೆಸರು ಹೇಳಿ ನೇಮಿಸಿ. ಆ ಹೊತ್ತು ಅವರು ಮೇಜು ಬಿಟ್ಟು ಏಳುವಂತಿಲ್ಲ.

ಕಾರಿನ ವಿಷಯದಲ್ಲಿ ನಿಮ್ಮಂಥ ಸಂಸಾರಗಳು ಹೆಚ್ಚು ಎಚ್ಚರ ವಹಿಸಬೇಕು. 2001ರಿಂದ 2007ರವರೆಗೆ ಯೊಸೆಮಿಟಿಯಲ್ಲಿ ಕರಡಿ ಒಡೆದ ಕಾರುಗಳ ಲೆಕ್ಕ ತೆಗೆದ ಸಂಶೋಧಕರು, ಅಲ್ಲಿ ನಿಲ್ಲುವ ಕಾರುಗಳಲ್ಲಿ ಮಿನಿವ್ಯಾನ್‌ಗಳ ಪಾಲಿಗಿಂತ ಒಡೆದವುಗಳಲ್ಲಿ ಅವುಗಳ ಪಾಲು ಬಹಳ ಹೆಚ್ಚು ಎಂದು ಕಂಡುಕೊಂಡರು. ಅವರು ಊಹಿಸಿದ ಕಾರಣಗಳಲ್ಲಿ ಒಂದು, ಮಕ್ಕಳಿರುವ ಕಾರಿನಲ್ಲಿ ಚೆಲ್ಲುವ ತಿಂಡಿ, ಹಾಲು, ಜ್ಯೂಸು. ಹೊರಡುವ ಮುಂಚೆ ನಾಲ್ಕು ವರ್ಷದವನ ಕಾರ್ ಸೀಟನ್ನು ಕಳಚಿ ಬಟ್ಟೆ ಒಗೆಯಿರಿ, ಸಂದುಗಳಲ್ಲಿನ ಪುಡಿ ವ್ಯಾಕ್ಯೂಮ್ ಮಾಡಿ, ಸೀಟುಗಳ ಕೆಳಗೂ ಮಾಡಿ. ಕ್ಯಾಂಪ್ ತಲುಪುವ ದಾರಿಯಲ್ಲಿ ಮತ್ತೆ ತಿಂಡಿ ಚೆಲ್ಲಿದ್ದರೆ ರಾತ್ರಿ ಕಾರ್ ಸೀಟೂ ಲಾಕರಿಗೆ ಹೋಗಬೇಕು. ಜಾಗ ಲೆಕ್ಕ ಹಾಕುವಾಗ ಇದನ್ನು ಮರೆಯಬೇಡಿ. ಕರಡಿ ಬಾಗಿಲಿನ ಮೇಲಂಚಿಗೆ ಉಗುರು ಸಿಕ್ಕಿಸಿ ಚೌಕಟ್ಟನ್ನೇ ಬಗ್ಗಿಸಿ ಕೆಳಗೆ ಎಳೆಯುತ್ತದೆ. ಬೀಗ ಹಾಕದ ಬಾಗಿಲನ್ನು ಹಿಡಿ ಎಳೆದು ತೆರೆಯುವುದೂ ಅದಕ್ಕೆ ಗೊತ್ತು.

ನಿಯಮ ಸರಳ. ಹಗಲು ಹೊತ್ತು ಕಿಟಕಿ ಪೂರ್ತಿ ಏರಿಸಿ, ಹೊರಗೆ ಕಾಣದಂತೆ ಇಟ್ಟರೆ ಕಾರಿನಲ್ಲಿ ಊಟ ಇಡಬಹುದು. ಕತ್ತಲಾದ ಮೇಲೆ ಕಾರಿನಲ್ಲಿ ಏನೂ ಇರುವಂತಿಲ್ಲ, ಡಿಕ್ಕಿಯಲ್ಲೂ ಇಲ್ಲ. ಸಂಜೆ ಟೆಂಟ್ ಜಾಗಕ್ಕೆ ಬಂದೊಡನೆ ಕಾರಿನ ಬಾಗಿಲ ಜೇಬು, ಕಪ್ ಹೋಲ್ಡರ್, ಗ್ಲವ್ ಬಾಕ್ಸ್, ಸೀಟಿನ ಹಿಂದಿನ ಜೇಬು, ಮಕ್ಕಳ ಬೆನ್ನುಚೀಲ ಇಷ್ಟನ್ನೂ ಇದೇ ಕ್ರಮದಲ್ಲಿ ನೋಡಿ. ಚ್ಯೂಯಿಂಗ್ ಗಮ್, ಏಲಕ್ಕಿ, ಅಡಿಕೆ ಪುಡಿ, ಪೆಪ್ಪರ್‌ಮಿಂಟ್ ಸಿಗುವುದು ಅಲ್ಲೇ.

ನಮ್ಮ ಅಡುಗೆ ಮಾಡಬಾರದೇ ಎಂದರೆ, ಖಂಡಿತ ಮಾಡಬಹುದು. ಮನೆಯಲ್ಲೇ ಅರ್ಧ ಕೆಲಸ ಮುಗಿಸಿಕೊಂಡು ಬನ್ನಿ. ತರಕಾರಿ ಹೆಚ್ಚಿ, ಪುಳಿಯೋಗರೆ ಗೊಜ್ಜು, ಬಿಸಿಬೇಳೆ ಬಾತಿನ ಪುಡಿ, ಹುರಿದ ರವೆ ಒಂದೊಂದು ಹೊತ್ತಿಗೆ ಬೇಕಾದಷ್ಟನ್ನೇ ಬೇರೆ ಬೇರೆ ಕಟ್ಟಿ. ಆ ಹೊತ್ತಿನ ಪೊಟ್ಟಣ ಮಾತ್ರ ಲಾಕರಿನಿಂದ ಹೊರಗೆ ಬರುತ್ತದೆ, ಮೇಜಿನ ಮೇಲೆ ಹತ್ತು ಡಬ್ಬಿ ಹರಡುವುದಿಲ್ಲ. ಒಂದೇ ಪಾತ್ರೆಯಲ್ಲಿ ಆಗುವ ಅಡುಗೆ ಒಳ್ಳೆಯದು. ಬೋಂಡ, ಬಜ್ಜಿ, ಪೂರಿ ಬೇಡ. ಕರಿದ ಎಣ್ಣೆಯ ಹಬೆ ಬಟ್ಟೆ, ಕೂದಲು, ಟೆಂಟಿಗೆ ಅಂಟುತ್ತದೆ, ಉಳಿದ ಎಣ್ಣೆಯನ್ನು ಚೆಲ್ಲಲೂ ಜಾಗವಿಲ್ಲ. ಒಗ್ಗರಣೆಯ ಎಣ್ಣೆ ಉಳಿದರೆ ಆರಿದ ಮೇಲೆ ಪೇಪರ್ ಟವೆಲ್‌ನಿಂದ ಒರೆಸಿ ಕಸಕ್ಕೆ ಹಾಕಿ. ಅಡುಗೆ ಮಾಡಿದವರು ಮಲಗುವ ಮುಂಚೆ ಬಟ್ಟೆ ಬದಲಿಸಿ, ಆ ಬಟ್ಟೆಯನ್ನು ಟೆಂಟಿನೊಳಗೆ ತರಬಾರದು.

ಆರು ಜನಕ್ಕೆ ರಾತ್ರಿ ಒಂದೂವರೆ ಪಾವು ಅಕ್ಕಿ ಸಾಕೇ, ಎರಡು ಬೇಕೇ ಎಂದು ಮನೆಯಲ್ಲೇ ಸರಿಯಾಗಿ ಅಳೆದುಕೊಳ್ಳಿ. ಕ್ಯಾಂಪಿನಲ್ಲಿ ಉಳಿದ ಸಾರು ದೊಡ್ಡ ತಲೆನೋವು. ಅದನ್ನು ನೆಲಕ್ಕೆ, ನದಿಗೆ, ಬೆಂಕಿಗೆ ಸುರಿಯುವಂತಿಲ್ಲ. ಅರ್ಧ ಸುಟ್ಟ ಅನ್ನ, ಸಿಪ್ಪೆಗಳು ಬೆಂಕಿಗುಂಡಿಯಲ್ಲಿ ಉಳಿದು ಮುಂದಿನ ವಾರ ಬರುವ ಸಂಸಾರದ ಬಳಿಗೆ ಕರಡಿಯನ್ನು ಕರೆಯುತ್ತವೆ. ಪಾತ್ರೆ ತೊಳೆದ ನೀರನ್ನು ಜಾಲರಿಯಲ್ಲಿ ಸೋಸಿ, ಕರಿಬೇವು, ಸಾಸಿವೆ, ಅನ್ನದ ಅಗುಳನ್ನು ಕಸದ ಚೀಲಕ್ಕೆ ಹಾಕಿ, ನೀರನ್ನು ಕ್ಯಾಂಪ್‌ಗ್ರೌಂಡಿನವರು ಹೇಳಿದ ಜಾಗದಲ್ಲೇ ಸುರಿಯಿರಿ. ಕುಡಿಯುವ ನೀರಿನ ನಲ್ಲಿಯ ಕೆಳಗೆ ಪಾತ್ರೆ ತೊಳೆಯಬೇಡಿ. ಕಸವನ್ನು ರಾತ್ರಿ ಮಲಗುವ ಮುಂಚೆ ಕರಡಿ ತೆರೆಯಲಾಗದ ದೊಡ್ಡ ಕಸದ ತೊಟ್ಟಿಗೆ, ಅಂದರೆ ಡಂಪ್‌ಸ್ಟರಿಗೆ ಒಯ್ದು ಹಾಕಿ, ಅದರ ಕೊಕ್ಕೆ ಸಿಕ್ಕಿಸಿ. ತುಂಬಿದ್ದರೆ ಪಕ್ಕದಲ್ಲಿ ಇಟ್ಟು ಬರಬೇಡಿ, ಇನ್ನೊಂದು ಹುಡುಕಿ.

ಹಿರಿಯರಿಗೆ ಮುಂಚೆಯೇ ಸಮಾಧಾನವಾಗಿ ಹೇಳಬೇಕಾದ ಮಾತೂ ಇದೆ. ಊಟಕ್ಕೆ ಮುಂಚೆ ಕಾಗೆಗೆ ಒಂದು ತುತ್ತು ಇಡುವುದು, ಇರುವೆಗೆ ಸಕ್ಕರೆ ಹಾಕುವುದು, ಬಾಳೆಹಣ್ಣಿನ ಸಿಪ್ಪೆಯನ್ನು ‘ಮಣ್ಣಲ್ಲಿ ಕರಗುತ್ತೆ’ ಎಂದು ಗಿಡದ ಬುಡಕ್ಕೆ ಎಸೆಯುವುದು ನಮ್ಮ ಮನೆಗಳಲ್ಲಿ ಒಳ್ಳೆಯ ಮನಸ್ಸಿನಿಂದ ಮಾಡುವ ಕೆಲಸ. ಇಲ್ಲಿ ಅಳಿಲಿಗೆ ಒಂದು ಕಡಲೆಬೀಜ ಕೊಡುವುದೂ ಕಾನೂನಿಗೆ ವಿರುದ್ಧ, ಆ ಪ್ರಾಣಿಗಳಿಗೂ ಅದರಿಂದ ಕೇಡೇ ಹೆಚ್ಚು.

ಅತ್ತೆಯವರ ಪ್ರಶ್ನೆ ಇಡೀ ಪತ್ರದಲ್ಲಿ ನನಗೆ ಹೆಚ್ಚು ಮುಖ್ಯವಾಗಿ ಕಂಡದ್ದು. ಟೆಂಟಿನೊಳಗೆ ಬಿಸ್ಕತ್ತು, ಗ್ಲೂಕೋಸ್ ಮಾತ್ರೆ, ಜ್ಯೂಸು ಯಾವುದೂ ಇರುವಂತಿಲ್ಲ. ಆದರೆ ಸಕ್ಕರೆ ಇಳಿದಾಗ ಕತ್ತಲಲ್ಲಿ ಲಾಕರಿನ ಚಿಲಕ ಹುಡುಕುತ್ತಾ ಕೂರುವುದೂ ಅಪಾಯ. ರಾತ್ರಿ ಸಕ್ಕರೆ ಆಗಾಗ ಇಳಿಯುವುದಾದರೆ ನನ್ನ ಸಲಹೆ, ಅತ್ತೆ ಮಾವ ಇಬ್ಬರಿಗೂ ಕಣಿವೆಯ ವಸತಿಗೃಹದಲ್ಲಿ ಗಟ್ಟಿ ಗೋಡೆಯ ಕೋಣೆ ಮಾಡಿ. ಅಂಥ ಕೋಣೆಯೊಳಗೆ ಊಟ ಇಟ್ಟುಕೊಳ್ಳಬಹುದು, ಹೊರಗೆ ಹೋಗುವಾಗ ಕಿಟಕಿ ಬಾಗಿಲು ಮುಚ್ಚಿರಬೇಕು ಅಷ್ಟೇ. ಕ್ಯಾನ್ವಾಸ್ ಗೋಡೆಯ ಟೆಂಟ್ ಕ್ಯಾಬಿನ್‌ಗಳಿಗೆ ಈ ರಿಯಾಯಿತಿ ಇಲ್ಲ, ಅಲ್ಲೂ ಹೊರಗಿನ ಲಾಕರೇ ಗತಿ. ಬುಕ್ ಮಾಡುವಾಗ ಈ ವ್ಯತ್ಯಾಸ ನೋಡಿಕೊಳ್ಳಿ. ಗಟ್ಟಿ ಮೈಯ, ಒಳಗೇ ಮಲಗುವ ವ್ಯವಸ್ಥೆಯಿರುವ ಆರ್‌ವಿ ಬಾಡಿಗೆಗೆ ತಂದರೂ ಸಮಸ್ಯೆ ತೀರುತ್ತದೆ.

ಕೋಣೆ ಸಿಗದೆ ಟೆಂಟಿನಲ್ಲೇ ಮಲಗಬೇಕಾದರೆ ಹೀಗೆ ಮಾಡಿ. ಪ್ರಯಾಣದ ಮುಂಚೆಯೇ ರಾತ್ರಿಯ ಡೋಸ್, ಮಲಗುವ ಮುಂಚಿನ ತಿಂಡಿ ಎರಡರ ಬಗ್ಗೆಯೂ ಅವರ ವೈದ್ಯರನ್ನು ಕೇಳಿ. ಬೆಟ್ಟದಲ್ಲಿ ನಡೆದ ದಿನ ಸಕ್ಕರೆ ಹೆಚ್ಚು ಇಳಿಯುತ್ತದೆ ಎಂಬುದನ್ನೂ ತಿಳಿಸಿ. ಪ್ರವೇಶದ್ವಾರದಲ್ಲಿ ರೇಂಜರಿಗೂ ವಿಷಯ ಹೇಳಿ ಅವರು ಏನು ಸೂಚಿಸುತ್ತಾರೋ ಕೇಳಿ. ಗ್ಲೂಕೋಸ್ ಮತ್ತು ಜ್ಯೂಸನ್ನು ಲಾಕರಿನ ಬಾಗಿಲ ಬಳಿ, ಎಲ್ಲಕ್ಕಿಂತ ಮುಂದೆ, ಒಂದೇ ಚೀಲದಲ್ಲಿ ಇಡಿ. ಅತ್ತೆಯವರ ಪಕ್ಕದಲ್ಲಿ ಮಲಗುವವರು ಹೆಡ್‌ಲ್ಯಾಂಪನ್ನು ತಲೆದಿಂಬಿನ ಬಳಿ ಇಟ್ಟುಕೊಂಡು ರಾತ್ರಿ ಎರಡಕ್ಕೆ ಅಲಾರಂ ಇಟ್ಟು ಒಮ್ಮೆ ಸಕ್ಕರೆ ಪರೀಕ್ಷಿಸಲಿ. ಹೊರಗೆ ಹೋಗುವವರು ಯಾವಾಗಲೂ ಎದ್ದು ನಿಂತು ಟಾರ್ಚ್ ಸುತ್ತ ಬೀಸಿ, ಜೋರಾಗಿ ಮಾತಾಡುತ್ತಾ ಹೋಗಬೇಕು. ತಿಂದದ್ದು ಹೊರಗೇ ಮುಗಿಯಬೇಕು. ಇನ್ಸುಲಿನ್ ಕೂಲರಿನಲ್ಲಿರುತ್ತದೆ, ಮಂಜುಗಡ್ಡೆಗೆ ನೇರ ತಾಗದಂತೆ ಬಟ್ಟೆ ಸುತ್ತಿ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಡುತ್ತದೆ. ಜುಲೈ ಮಧ್ಯಾಹ್ನ ಕಣಿವೆಯಲ್ಲಿ 32 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ, ಬಿಸಿಲಿಗಿರುವ ಕಬ್ಬಿಣದ ಲಾಕರ್ ಇನ್ನೂ ಕಾಯುತ್ತದೆ. ದಿನಾ ಐಸ್ ಬದಲಿಸಿ.

ಮಕ್ಕಳ ವಿಷಯ. ಚಿಕ್ಕವನಿಗೆ ಮಲಗುವಾಗ ಹಾಲು ಬೇಕಿದ್ದರೆ ಮೇಜಿನ ಬಳಿ ಕುಡಿಸಿ, ಹಲ್ಲುಜ್ಜಿಸಿ, ಬಾಯಿ ಕೈ ತೊಳೆದು, ಜೇಬು ಖಾಲಿ ಮಾಡಿಸಿ ಆಮೇಲೆ ಟೆಂಟಿಗೆ. ಹಾಲಿನ ಲೋಟ ಲಾಕರಿಗೆ. ಜ್ಯೂಸು ಚೆಲ್ಲಿಕೊಂಡ ಗೊಂಬೆಯನ್ನು ಹೊರಡುವ ಮುಂಚೆ ಒಗೆದುಬಿಡಿ, ರಾತ್ರಿ ಅದನ್ನು ಲಾಕರಿಗೆ ಹಾಕಿದರೆ ಮಗು ಮಲಗುವುದಿಲ್ಲ. ಇಬ್ಬರಿಗೂ ಮನೆಯಲ್ಲೇ ಆಟದಂತೆ ಕಲಿಸಿ: ಕರಡಿ ಕಂಡರೆ ಓಡಬೇಡ, ‘ಅಪ್ಪಾ ಕರಡಿ’ ಎಂದು ಜೋರಾಗಿ ಕೂಗು, ದೊಡ್ಡವರ ಪಕ್ಕ ಬಂದು ನಿಲ್ಲು. ನಿಮ್ಮಲ್ಲಿ ಒಬ್ಬರು ಕರಡಿಯಾಗಿ ಆಡಿ ತೋರಿಸಿ. ನಾಲ್ಕು ವರ್ಷದವನಿಗೆ ಮಾತಿಗಿಂತ ಮೈಗೆ ಬಂದದ್ದು ನೆನಪಿರುತ್ತದೆ. ಕಾಡಿನ ದಾರಿಯಲ್ಲಿ ಮಕ್ಕಳು ಇಬ್ಬರು ದೊಡ್ಡವರ ನಡುವೆ ನಡೆಯಲಿ, ಮುಂದೆ ಓಡುವುದು ಬೇಡ. ಶೌಚಾಲಯಕ್ಕೆ ಕತ್ತಲಲ್ಲಿ ಒಬ್ಬರೇ ಹೋಗುವಂತಿಲ್ಲ.

ಇನ್ನು ಕರಡಿ ಬಂದೇಬಿಟ್ಟರೆ. ದಾರಿಯಲ್ಲಿ ದೂರದಿಂದ ಕಂಡರೆ ಕನಿಷ್ಠ 50 ಗಜ, ಅಂದರೆ ಸುಮಾರು 45 ಮೀಟರ್ ಅಂತರ ಬಿಟ್ಟು ಸುಮ್ಮನೆ ನೋಡಿ, ಫೋಟೋಗಾಗಿ ಹತ್ತಿರ ಹೋಗಬೇಡಿ. ಮರಿ ಕಂಡರೆ ತಾಯಿ ಹತ್ತಿರದಲ್ಲೇ ಇರುತ್ತದೆ, ಬಂದ ದಾರಿಯಲ್ಲೇ ಹಿಂದಕ್ಕೆ ಸರಿಯಿರಿ. ಟೆಂಟ್ ಜಾಗಕ್ಕೆ ಬಂದರೆ ಮಾಡಬೇಕಾದ್ದು ಬೇರೆ: ತಕ್ಷಣ ಓಡಿಸಬೇಕು. ಚಿಕ್ಕವನನ್ನು ಎತ್ತಿಕೊಳ್ಳಿ, ಎಲ್ಲರೂ ಒಟ್ಟಿಗೆ ನಿಂತು ಗಂಟಲು ಹರಿಯುವಂತೆ ಕೂಗಿ, ಪಾತ್ರೆಗೆ ಸೌಟು ಬಡಿಯಿರಿ. ಅಕ್ಕಪಕ್ಕದವರು ಮಲಗಿದ್ದಾರೆ ಎಂಬ ಸಂಕೋಚ ಬೇಡ. ಅದನ್ನು ಸುತ್ತುವರಿಯಬೇಡಿ, ಓಡಿಹೋಗಲು ಒಂದು ದಿಕ್ಕು ತೆರೆದಿರಬೇಕು. ಮರ ಹತ್ತುವುದು ಪ್ರಯೋಜನವಿಲ್ಲ, ನಿಮಗಿಂತ ಚೆನ್ನಾಗಿ ಅದು ಹತ್ತುತ್ತದೆ. ಊಟ ಬಾಯಿಗೆ ಸಿಕ್ಕಿಬಿಟ್ಟಿದ್ದರೆ ಕಸಿಯಲು ಹೋಗಬೇಡಿ. ಹೋಗದೆ ನಿಂತರೆ ಎಲ್ಲರೂ ಕಾರಿನೊಳಗೆ ಕೂತು ಹಾರ್ನ್ ಒತ್ತಿ, ರೇಂಜರಿಗೆ ತಿಳಿಸಿ. ರಾತ್ರಿ ಟೆಂಟಿನ ಹೊರಗೆ ಮೂಸುವ ಸದ್ದಾದರೂ ಸುಮ್ಮನೆ ಮುದುಡಿಕೊಳ್ಳದೆ ಒಳಗಿನಿಂದಲೇ ಕೂಗಿ. ತೀರಾ ಅಪರೂಪಕ್ಕೆ ಕಪ್ಪು ಕರಡಿ ಮೈಮೇಲೆ ಬಿದ್ದರೆ ಸತ್ತಂತೆ ಮಲಗಬಾರದು. ಕೈಗೆ ಸಿಕ್ಕಿದ್ದರಿಂದ ಅದರ ಮೂಗು, ಮುಖಕ್ಕೆ ಹೊಡೆಯಬೇಕು.

ಪ್ರತಿ ವರ್ಷ ಅಲ್ಲಿ ಕಾರಿಗೆ ಸಿಕ್ಕಿ ಕರಡಿಗಳು ಸಾಯುತ್ತವೆ, ರಸ್ತೆ ಬದಿಯ ಕೆಂಪು ಕರಡಿಯ ಫಲಕ ಅದನ್ನೇ ಹೇಳುತ್ತದೆ. ವೇಗದ ಮಿತಿ ದಾಟಬೇಡಿ. ಜುಲೈನಲ್ಲಿ ನಿಮ್ಮ ಮಕ್ಕಳಿಗೆ ಕರಡಿಗಿಂತ ದೊಡ್ಡ ಅಪಾಯ ಮರ್ಸೆಡ್ ನದಿ ಎಂಬುದೂ ಗಮನದಲ್ಲಿರಲಿ. ಹಿಮ ಕರಗಿದ ನೀರು ತಣ್ಣಗೆ, ಸೆಳೆತ ಬಲು ಜೋರು. ಜಲಪಾತಗಳ ಮೇಲ್ಭಾಗದ ನೀರಿಗೆ ಯಾರೂ ಕಾಲಿಡಬಾರದು.

ಯೆಲ್ಲೋಸ್ಟೋನ್‌ನಲ್ಲಿ ಲೆಕ್ಕವೇ ಬೇರೆ, ಅಲ್ಲಿ ಗ್ರಿಜ್ಲಿಗಳಿವೆ. ಭುಜದ ಮೇಲೆ ಎದ್ದುಕಾಣುವ ಉಬ್ಬು, ನಡುವೆ ತಗ್ಗಿದ ಮುಖ, ಚಿಕ್ಕ ಗುಂಡು ಕಿವಿ ಗ್ರಿಜ್ಲಿಯ ಗುರುತು. ಬಣ್ಣ ನೋಡಿ ನಿರ್ಧರಿಸಬೇಡಿ. ಊಟದ ಶಿಸ್ತು ಅಲ್ಲೂ ಅಷ್ಟೇ ಬಿಗಿ. ಗ್ಲೇಸಿಯರ್ ಉದ್ಯಾನದಲ್ಲಿ 1967ರ ಆಗಸ್ಟ್‌ನ ಒಂದೇ ರಾತ್ರಿ ಎರಡು ಬೇರೆ ಕಡೆ ಇಬ್ಬರು ಯುವತಿಯರನ್ನು ಗ್ರಿಜ್ಲಿಗಳು ಕೊಂದಾಗ, ಎರಡೂ ಕಡೆಯ ಕರಡಿಗಳು ಮನುಷ್ಯರ ಎಂಜಲು, ಕಸಕ್ಕೆ ಒಗ್ಗಿದ್ದವು. ಅಂತರ ಅಲ್ಲಿ 100 ಗಜ. ಫಿಶಿಂಗ್ ಬ್ರಿಜ್ ಆರ್‌ವಿ ಪಾರ್ಕಿನಲ್ಲಿ ಗ್ರಿಜ್ಲಿಗಳ ಓಡಾಟದಿಂದಾಗಿ ಬಟ್ಟೆಯ ಟೆಂಟಿಗೆ ಅವಕಾಶವೇ ಇಲ್ಲ. ಹೆದರಿದ ಗ್ರಿಜ್ಲಿ ಎರಗಿ ಮೈ ಮುಟ್ಟಿದರೆ ಬೋರಲು ಮಲಗಿ, ಬೆನ್ನುಚೀಲ ತೆಗೆಯದೆ, ಎರಡೂ ಕೈಗಳನ್ನು ಕುತ್ತಿಗೆಯ ಹಿಂದೆ ಹೆಣೆದು, ಕಾಲು ಅಗಲಿಸಿ ಅಲುಗದೆ ಇರಬೇಕು. ಆದರೆ ಟೆಂಟಿನೊಳಗೆ ನುಗ್ಗಿದರೆ ಅದು ಯಾವ ಕರಡಿಯಾದರೂ ಹೊಡೆದಾಡಬೇಕು.

ಬೇರ್ ಸ್ಪ್ರೇ ಬೇಕಾಗುವುದು ಅಲ್ಲಿ. ವಿಮಾನದಲ್ಲಿ ಕೈಚೀಲದಲ್ಲೂ ಲಗೇಜಿನಲ್ಲೂ ಒಯ್ಯುವಂತಿಲ್ಲ, ಅಲ್ಲಿಗೆ ಹೋಗಿ ಕೊಳ್ಳಿ. ಕನಿಷ್ಠ 7.9 ಔನ್ಸ್‌ನ ಡಬ್ಬಿ, ಅವಧಿ ಮುಗಿಯದ್ದು, ಡಬ್ಬಿಯ ಮೇಲೆ ಕರಡಿಗೆಂದೇ ಬರೆದದ್ದು. ಜನರಿಂದ ರಕ್ಷಣೆಗೆ ಮಾರುವ ಪೆಪ್ಪರ್ ಸ್ಪ್ರೇ ಸಾಲದು. ಇಬ್ಬರು ದೊಡ್ಡವರ ಸೊಂಟದಲ್ಲಿ ಒಂದೊಂದು ಇರಲಿ, ಬೆನ್ನುಚೀಲದ ತಳದಲ್ಲಿದ್ದರೆ ಉಪಯೋಗವಿಲ್ಲ. ಕರಡಿ ಎರಗಿ ಬರುವಾಗ ಕ್ಲಿಪ್ ಕಿತ್ತು, ತುಸು ಕೆಳಮುಖವಾಗಿ ಹಿಡಿದು, 30ರಿಂದ 60 ಅಡಿ ದೂರದಲ್ಲಿದ್ದಾಗಲೇ ನಿಮ್ಮ ಮತ್ತು ಕರಡಿಯ ನಡುವೆ ಮೋಡ ಏಳುವಂತೆ ಬಿಡಿ, ಅದು ತಿರುಗುವ ತನಕ ನಿಲ್ಲಿಸಬೇಡಿ. ಡಬ್ಬಿ ಕೆಲವೇ ಸೆಕೆಂಡುಗಳಲ್ಲಿ ಖಾಲಿಯಾಗುತ್ತದೆ. ಸೊಳ್ಳೆ ಎಣ್ಣೆಯಂತೆ ಮೈಗೆ, ಟೆಂಟಿಗೆ ಹೊಡೆಯುವಂಥದ್ದಲ್ಲ ಇದು. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೆ ಸಿಡಿಯಬಹುದು, ಮಕ್ಕಳ ಕೈಗಂತೂ ಸಿಗಲೇಬಾರದು. ವಾಪಸಾಗುವಾಗ ಬಳಸದ ಡಬ್ಬಿಯನ್ನು ಉದ್ಯಾನದ ಸಂದರ್ಶಕರ ಕೇಂದ್ರದಲ್ಲಿ ಕೇಳಿ, ಅವರು ಹೇಳಿದ ಜಾಗದಲ್ಲೇ ಒಪ್ಪಿಸಿ ಬನ್ನಿ.